ಗುವಾನ್ ಯುವಿನ ಗಡ್ಡ

ಖಂಡೆನವಮಿಯ ರವಿವಾರ ಡ್ಯೂಸೆಲ್ಡಾರ್ಫಿನ ಆ ಮನೆಯಲ್ಲಿ ಪೂಜೆಗೆ ಇಡಲು ಇದ್ದ ಆಯುಧಗಳೆಂದರೆ ಒಂದು ತರಕಾರಿ ಚಾಕು, ಒಂದು ಲ್ಯಾಪ್‌ಟಾಪ್. ಹಾಲಸಿದ್ದಪ್ಪ ಸ್ನಾನ ಮುಗಿಸಿ ಬಂದರೆ ಅವುಗಳ ನಡುವೆ ಕಬ್ಬಿಣದ ಬಿಲ್ಲೆಯೊಂದು ಕುಂಕುಮ ಹಚ್ಚಿಸಿಕೊಂಡು ಫಳಫಳ ಹೊಳೆಯುತ್ತಿತ್ತು. ಜಪಾನಿ ಕತ್ತಿಯ ಹಿಡಿಕೆಗೂ ಅಲಗಿಗೂ ನಡುವೆ ಕೂರುವ, ನಿನ್ನೆಯವರೆಗೂ ಕಪ್ಪಗಿದ್ದ ಆ ಬಿಲ್ಲೆ ಮೇಲಿನ ಮಹಡಿಯ ಮನೆಮಾಲೀಕ ಹೆರ್ ಲೋಮಾನ್‌ನ ಪ್ರಾಣ. ಅದರ ಮೇಲೆ ಕೆತ್ತಿದ್ದುದು ಚೀನಾದ ಹಳೆಯ ವೀರ ಗುವಾನ್ ಯುವನ್ನು.

“ಅವ್ವಾ, ಇದು ಇಲ್ಲಿಗೆ ಹೆಂಗ ಬಂತು?”

“ಮ್ಯಾಲಿನ ಮುದುಕ ಕೊಟ್ಟು ಹೋದ,” ಎಂದರು ಸುಶೀಲಾಬಾಯಿ. “ಹುಣಸೆಹಣ್ಣು ಹಚ್ಚಿ ತಿಕ್ಕೇನಿ. ನಮ್ಮ ವೀರಭದ್ರ ನೋಡಪಾ, ಏನ್ ಕಳೆ ಐತಿ.”

ಹೊರಗೆ ಹೋಗುವಾಗ ಜೋಪಾನವಾಗಿರಲೆಂದು ಕೊಟ್ಟಿರಬೇಕು ಎಂದುಕೊಂಡ ಹಾಲಸಿದ್ದಪ್ಪ ಬಿಲ್ಲೆಯನ್ನೆತ್ತಿ ಕುಂಕುಮ ಒರೆಸಿದ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಷ್ಟು ಸುಲಭವಾಗಿ ಅವನಿಗೆ ಮನೆ ಸಿಕ್ಕಿರಲಿಲ್ಲ.

ಪಕ್ಕದ ಮನೆಯ ಉಡುಪಿಯ ಆಲ್ಫೋನ್ಸ್ ಬಂದು ನೋಡಿ ತಲೆ ಆಡಿಸಿದ. “ಎಂಥ ಕೆಲಸ ಮಾಡಿದ್ರಿ ಮಾರಾಯ್ರೆ? ಇಂಥದ್ದಕ್ಕೆ ಬೆಲೆ ಇರುವುದೇ ಆ ಹಳೇ ಕಪ್ಪಿಗೆ. ಇನ್ನು ನೀವು ಬೇರೆ ಮನೆ ನೋಡುವುದು ಒಳ್ಳೆಯದು.”

ಕಪ್ಪು ಮರಳಿ ಬರಲೆಂದು, ಆಲ್ಫೋನ್ಸ್ ಹೇಳಿದಂತೆ ಬಿಲ್ಲೆಯನ್ನು ಚಹಾದಲ್ಲಿ ಕುದಿಸಿದ್ದಾಯಿತು. ಅವನ ಹೆಂಡತಿ ಸೆಲಿನ್ ಹೇಳಿದಳೆಂದು ಉಪ್ಪು, ವಿನೆಗರ್ ಸವರಿ ಬಾಲ್ಕನಿಯಲ್ಲಿ ಇಟ್ಟದ್ದೂ ಆಯಿತು. ಮಧ್ಯಾಹ್ನದ ಹೊತ್ತಿಗೆ ಗುವಾನ್ ಯು ಉಪ್ಪಿನಕಾಯಿ ಬಣ್ಣಕ್ಕೆ ತಿರುಗಿದ್ದ. ಕೊನೆಗೆ ಹಾಲಸಿದ್ದಪ್ಪ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದ. ವೀರನ ಮುಖ, ಗಡ್ಡ ಎಲ್ಲ ಕಪ್ಪಿನಲ್ಲಿ ಮುಳುಗಿ, ಬಿಲ್ಲೆ ಮೊದಲಿಗಿಂತ ಹಳತಾಗಿ ಕಂಡಿತು.

ಸಂಜೆ ಲೋಮಾನ್ ಇಬ್ಬರು ಗೆಳೆಯರೊಂದಿಗೆ ಬಂದ. ಬಿಲ್ಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನಿಟ್ಟುಸಿರುಬಿಟ್ಟ.

“ನಿಮ್ಮ ತಾಯಿಯ ಕೈಯಲ್ಲೂ ಆಗಲಿಲ್ಲವೇ?”

“ಏನು?”

“ಈ ಕಪ್ಪು ತೆಗೆಯುವುದು. ಇವನು ಗುವಾನ್ ಯು, ಉದ್ದ ಗಡ್ಡ ಇದೆ ಅಂತ ನಾನು. ಗಡ್ಡವೇ ಇಲ್ಲ, ಬೇರೆ ಯಾರೋ ಅಂತ ಇವರು. ತಾಯಿಯವರ ಹಿತ್ತಾಳೆ ದೀಪ ಹೊಳೆಯುವುದನ್ನು ನೋಡಿ, ಇದನ್ನೂ ಹಾಗೇ ತಿಕ್ಕಿಕೊಡಿ ಅಂತ ಬೆಳಿಗ್ಗೆ ಕೈಸನ್ನೆ ಮಾಡಿ ಕೊಟ್ಟಿದ್ದೆ.”

ಮನೆ ಉಳಿಯಿತು. ಹಾಲಸಿದ್ದಪ್ಪನಿಗೆ ಅಳು ಬರುವಷ್ಟು ಸಮಾಧಾನವಾಯಿತು. ಆಮೇಲೆ ತಾಯಿಯ ಕಡೆ ತಿರುಗಿದ.

“ಮುಂಜಾನೇನ ಹೇಳಬಾರದೇನವ್ವಾ?”

“ಹೆಂಗ ಬಂತು ಅಂತ ಕೇಳಿದಿ, ಹೇಳಿದೆ. ಯಾಕ ಕೊಟ್ಟ ಅಂತ ಎಲ್ಲಿ ಕೇಳಿದಿ?”

ಗಡ್ಡ ನೋಡದೆ ಏಳುವುದಿಲ್ಲವೆಂದು ಮೂವರೂ ಸೋಫಾದಲ್ಲಿ ಕೂತರು. ಮನೆಯಲ್ಲಿದ್ದ ಹುಣಸೆಹಣ್ಣು ಮುಗಿದಿತ್ತು, ರವಿವಾರವಾದ್ದರಿಂದ ಊರಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಹಾಲಸಿದ್ದಪ್ಪ ರಾತ್ರಿ ಊಟಕ್ಕೆಂದು ಇಟ್ಟಿದ್ದ ಹುಳಿಸಾರಿನ ಪಾತ್ರೆಯನ್ನು ಎಳೆದುಕೊಂಡು, ಅಂಗಿಯ ತೋಳು ಮಡಚಿ, ಗುವಾನ್ ಯುವನ್ನು ಅದರಲ್ಲಿ ಅದ್ದಿ ತಿಕ್ಕತೊಡಗಿದ.