ಸರ್ಪಸುತ್ತಿಗೆ ಮುಂಬೈ ಲೈಟು

ನಮ್ಮ ಮನೆಗೆ ಕಾಯಿಲೆ ಯಾವತ್ತೂ ಒಂಟಿಯಾಗಿ ಬಂದದ್ದಿಲ್ಲ. ಅದರ ಹಿಂದೆಯೇ ಡಾಕ್ಟರು, ಭಟ್ರು, ಮುಂಬೈಯಿಂದ ಒಂದು ಫೋನು, ಪಕ್ಕದ ಮನೆಯ ದೊಡ್ಡಮ್ಮ, ಎಲ್ಲ ಸಾಲಾಗಿ ಬರುತ್ತಾರೆ. ಕಾಯಿಲೆ ಹೇಗೋ ವಾಸಿಯಾಗುತ್ತದೆ. ಇವರು ಹೇಳಿದ್ದೆಲ್ಲ ಕೇಳಿ ಕೆಟ್ಟ ನನ್ನ ತಲೆ ಮಾತ್ರ ಸರಿಯಾಗುವುದಿಲ್ಲ.

ಈ ಸಲ ಹಿಡಿದದ್ದು ನನ್ನ ಅತ್ತೆಯನ್ನು. ದಿನಾ ಬೆಳಿಗ್ಗೆ ಕೋಡಿಯಿಂದ ಕುಂದಾಪುರದ ಮೀನು ಮಾರ್ಕೆಟಿಗೆ ಹೋಗಿ ಕೂರುವವರು. ಬಾಗಿಲ ಪಕ್ಕದ ಜಾಗ ಅವರದು. ಒಳ್ಳೆ ಬೆಳಕು ಬೀಳುವ ಜಾಗ. ಗಿರಾಕಿ ಕಾಲಿಟ್ಟ ಕೂಡಲೇ ಕಾಣುವುದು ಅತ್ತೆಯ ಬುಟ್ಟಿಯೇ. ಸೊಂಟದ ಒಂದು ಬದಿ ಉರಿ ಶುರುವಾಗಿ ನೀರುಗುಳ್ಳೆ ಎದ್ದಿತು. ಡಾಕ್ಟರು ನೋಡಿ, “ಸರ್ಪಸುತ್ತು, ವೈರಸ್ಸಿಂದ ಬರುವಂಥದ್ದು” ಎಂದು ಮಾತ್ರೆ ಬರೆದುಕೊಟ್ಟು, ಒಣಗುವ ತನಕ ಮನೆಯಲ್ಲೇ ಇರಿ ಎಂದರು. ಅತ್ತೆ ಉರಿಗೆ ಅಳಲಿಲ್ಲ. “ನನ್ನ ಜಾಗದಗೆ ಅವ್ಳ್ ಕೂಕಂತ್ಳ್” ಎಂದು ಅತ್ತರು. ಅವಳು ಎಂದರೆ ಮಾರ್ಕೆಟಿನ ಒಳಗಿನ ಕತ್ತಲೆ ಮೂಲೆಯಲ್ಲಿ ಮೀನು ಮಾರುತ್ತಿದ್ದ ಹೆಂಗಸು. ಮರುದಿನವೇ ಬಂದು ಕೂತಳು ಕೂಡ.

ತಲೆ ಯಾವುದು, ಬಾಲ ಯಾವುದು

ಅಮ್ಮನ ಅಳು ಫೋನಿನಲ್ಲಿ ಕೇಳಿದ ನನ್ನ ಮೈದುನ ಮುಂಬೈಯಿಂದ ಊರಿಗೆ ಬರುವವರ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸಿದ. ಅವನು ಅಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಯಾರೋ ಗಿರಾಕಿ ಹೇಳಿದನಂತೆ, ಮನೆಯಲ್ಲೇ ಲೈಟು ಬಿಟ್ಟುಕೊಂಡರೆ ಗುಳ್ಳೆ ಬೇಗ ಒಣಗುತ್ತದೆ ಎಂದು. ಚಾರ್ಜ್ ಮಾಡುವ ಲೈಟು. ಒಂದು ಗುಂಡಿ ಒತ್ತಿದರೆ ಕೆಂಪು, ಇನ್ನೊಂದಕ್ಕೆ ನೀಲಿ. ಬಳಸುವ ಕ್ರಮ ನಮಗೆ ಯಾರಿಗೂ ಬಾರದ ಭಾಷೆಯಲ್ಲಿತ್ತು.

“ಕೆಂಪೇ ಹಾಕಿ ಅತ್ತಿಗೆ” ಎಂದ ಮೈದುನ ಫೋನಿನಲ್ಲಿ.

“ನೀಲಿ ಎಂತಕೆ?”

“ಅದು ಮೊಡವಿಗೆ ಆಯ್ಕ್.”

ಅಮ್ಮನಿಗೆ ಈ ವಯಸ್ಸಲ್ಲಿ ಮೊಡವೆಯೂ ಬರಬಹುದೆಂದು ಎರಡೂ ಇರುವುದನ್ನೇ ಕಳಿಸಿದ್ದನೋ ಏನೋ, ದೇವರಿಗೇ ಗೊತ್ತು.

ನಾನು ಗುಂಡಿಗೆ ಕೈ ಹಾಕಿದೆ. ಅತ್ತೆ ತಡೆದರು. “ಬಿಡ್ ಹೆಣೆ. ನಾಗನ ಮುಖಕ್ಕೆ ಲೈಟ್ ಬಿಡೂದಾ?”

ಭಟ್ರಿಗೆ ಫೋನು ಹೋಯಿತು. ಅವರು ಬಲ್ಬಿನ ವಿಷಯ ತಮಗೆ ಯಾರೂ ಪಾಠ ಮಾಡಿಲ್ಲವೆಂದೂ, ಆದಷ್ಟು ತಲೆಯ ಕಡೆ ಬಿಡದೆ ಬಾಲದ ಕಡೆ ಬಿಡಿ ಎಂದೂ ಹೇಳಿ ಫೋನು ಇಟ್ಟರು.

ಈಗ ಬಾಲ ಹುಡುಕಬೇಕು. ಹೊಟ್ಟೆಯ ಬದಿಯದು ಬಾಲ ಎಂದರು ನನ್ನ ಗಂಡ. ಬೆನ್ನಿನ ಬದಿಯದು ಬಾಲ ಎಂದರು ಪಕ್ಕದ ಮನೆಯ ದೊಡ್ಡಮ್ಮ. “ತಲೆ ಬಾಲ ಒಂದಕ್ಕೊಂದ್ ಸೇರ್‍ರೆ ಜೀವಕ್ಕೇ ಬತ್ತ್ ಅಂಬ್ರ್. ಬಾಲ ಸುಟ್ರೆ ಅದ್ ತಲೆ ಬದಿಗೇ ಓಡುದಲ್ದಾ?” ಎಂದು ಇನ್ನೂ ಸೇರಿಸಿದರು. ಡಾಕ್ಟರು ಹಾಗೇನಿಲ್ಲ ಎಂದಿದ್ದರೂ ನಾನು ಲೈಟನ್ನು ಒಂದು ಮೊಳ ದೂರ ಸರಿಸಿಟ್ಟೆ. ಕೊನೆಗೆ ಅತ್ತೆಯೇ ತೀರ್ಮಾನ ಕೊಟ್ಟರು.

“ನಡುಕ್ ಬಿಡಿ. ಎರ್ಡೂ ಬದಿಗೆ ಓಡ್ಲಿ.”

ಕಪ್ಪು ಕನ್ನಡಕ

ಪೆಟ್ಟಿಗೆಯೊಳಗೆ ಒಂದು ಕಪ್ಪು ಕನ್ನಡಕವೂ ಇತ್ತು. ಲೈಟು ಬೀಳುವುದು ಸೊಂಟಕ್ಕೆ, ಕನ್ನಡಕ ಯಾಕೆಂದು ಯಾರಿಗೂ ತಿಳಿಯಲಿಲ್ಲ. ಕೊಟ್ಟದ್ದು ಹಾಳಾಗಬಾರದೆಂದು ಅತ್ತೆ ಹಾಕಿಕೊಂಡು ಮಲಗಿದರು. ಹಾಕಿದ ಮೇಲೆ ತೆಗೆಯುವುದು ಯಾವಾಗ ಎಂಬುದೂ ಗೊತ್ತಿಲ್ಲದ ಕಾರಣ ಊಟ, ಟೀವಿ ಎಲ್ಲ ಅದರಲ್ಲೇ ನಡೆಯಿತು.

ದೊಡ್ಡಮ್ಮ ಬಾಗಿಲಿಂದ ಇಣುಕಿ ನೋಡಿ ಮಾತಾಡದೆ ಹಿಂದೆ ಹೋದರು. ಅವರು ಮಾತಾಡದೆ ಹೋದರೆಂದರೆ ಬೇರೆ ಕಡೆ ಮಾತಾಡಲಿಕ್ಕೆ ಹೋದರೆಂದೇ ಅರ್ಥ. ಸಂಜೆಗೆ ಕೇರಿಯವರೆಲ್ಲ ಎಳನೀರು ಹಿಡಿದುಕೊಂಡು ನಮ್ಮ ಜಗಲಿಯಲ್ಲಿ. ಸರ್ಪದ ವಿಷ ಕಣ್ಣಿಗೇರಿ ಅತ್ತೆಗೆ ದೃಷ್ಟಿ ಹೋಗಿದೆ ಎಂದು ಸುದ್ದಿ. ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬಾಕೆ ಅತ್ತೆಯ ಮುಖದ ಮುಂದೆ ಕೈಯಾಡಿಸಿ, ಕಣ್ಣೀರು ಒರೆಸಿಕೊಂಡು ಕೇಳಿದಳು.

“ಅಕ್ಕಾ, ನಾನ್ ಯಾರ್ ಹೇಳಿ ಕಾಂಬ.”

ಅತ್ತೆ ಕನ್ನಡಕ ತೆಗೆಯಲೂ ಇಲ್ಲ.

“ನನ್ನ ದೊಡ್ಡ ಪಾತ್ರೆ ತಕಂಡ್ ಹೋಯಿ ಇನ್ನೂ ಕೊಡ್ದೆ ಇದ್ದವ್ಳ್.”

ಪಾಲು

ಗುಳ್ಳೆ ಒಣಗಿತು. ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋದೆ. “ಮಾತ್ರೆ ಸರಿಯಾಗಿ ತಗೊಂಡಿದ್ದೀರಿ, ಒಳ್ಳೆಯದಾಯ್ತು” ಎಂದರು ಅವರು. ಅತ್ತೆ ಲೈಟಿನ ಕತೆ ಬಿಚ್ಚಿದರು. ಡಾಕ್ಟರಿಗೆ ಸ್ವಲ್ಪ ಸಿಟ್ಟೇ ಬಂತು.

“ಆ ಲೈಟಿಂದ ಏನೂ ಪ್ರಯೋಜನ ಇಲ್ಲ ಅಮ್ಮ. ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಇಡಿ.”

ಅತ್ತೆಗೆ ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲ. “ಹಾಂಗಲ್ಲ ಡಾಕ್ಟ್ರೆ. ಅರ್ಧ ನಿಮ್ ಮಾತ್ರೆ, ಅರ್ಧ ಮಗನ ಲೈಟು, ಉಳ್ದದ್ದ್ ನಾಗ” ಎಂದು ಪಾಲು ಮಾಡಿಕೊಟ್ಟರು.

“ಅರ್ಧಕ್ಕೆ ಅರ್ಧ ಸೇರಿದರೆ ಪೂರ್ತಿ ಆಯ್ತಲ್ಲ, ನಾಗನಿಗೆ ಎಲ್ಲಿ ಉಳೀತು?”

“ಉಳೀಲಿಲ್ಲೆ ಅಂತ್ಲೇ ಅವ ಬಿಟ್ಟ್ ಹೋದ್ದ್.”

ಕತ್ತಲೆ ಮೂಲೆ

ಅತ್ತೆ ಮತ್ತೆ ಮಾರ್ಕೆಟಿಗೆ ಹೋದರು. ಬಾಗಿಲ ಜಾಗದಲ್ಲಿ ಅವಳು. “ಅಕ್ಕಾ, ಹುಶಾರಾಯ್ತಾ?” ಎಂದು ನಕ್ಕಳಂತೆ, ಏಳಲಿಲ್ಲವಂತೆ. ಜಗಳಕ್ಕೆ ಸೊಂಟದಲ್ಲಿ ಶಕ್ತಿಯಿಲ್ಲ. ಅತ್ತೆ ಅವಳು ಬಿಟ್ಟ ಕತ್ತಲೆ ಮೂಲೆಗೇ ಹೋಗಿ ಕೂತರು.

ನಮ್ಮ ಕಡೆ ಮೀನಿನ ಕಿವಿರು ಎತ್ತಿ ನೋಡದೆ ಯಾರೂ ಮೀನು ಕೊಳ್ಳುವುದಿಲ್ಲ. ಒಳಗೆ ಕೆಂಪಿದ್ದರೆ ತಾಜಾ, ಕಪ್ಪಿದ್ದರೆ ಹಳತು. ಆ ಕತ್ತಲೆಯಲ್ಲಿ ಈಗಷ್ಟೇ ಬೋಟಿನಿಂದ ಇಳಿಸಿದ ಬಂಗುಡೆಯ ಕಿವಿರೂ ಕಪ್ಪಾಗಿಯೇ ಕಾಣುತ್ತಿತ್ತು. ಜನ ಎತ್ತಿ ನೋಡಿ, ಬುಟ್ಟಿಗೆ ಬಿಟ್ಟು ಹೋದರು. ಮಾರಾಟವಾಗದ ಬಂಗುಡೆ ಮನೆಗೆ ಬಂತು. ಬೆಳಿಗ್ಗೆ ಬಂಗುಡೆ, ಮಧ್ಯಾಹ್ನ ಬಂಗುಡೆ, ರಾತ್ರಿ ಬಂಗುಡೆ. ಅತ್ತೆ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಸರ್ಪಸುತ್ತಿನ ಉರಿಯಲ್ಲೂ ಹಾಗೆ ಮಲಗಿದವರಲ್ಲ.

ಒಂದು ದಿನ ನೋಡಿದರೆ ಅಟ್ಟಕ್ಕೆ ಹಾಕಿದ್ದ ಲೈಟಿನ ಪೆಟ್ಟಿಗೆ ಖಾಲಿ. ಮತ್ತೆ ಉರಿ ಶುರುವಾಯಿತೇನೋ ಎಂದು ಗಾಬರಿಯಾಗಿ, ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟಿದ್ದವಳು ಸೀದಾ ಮಾರ್ಕೆಟಿಗೆ ಓಡಿದೆ. ಕತ್ತಲೆ ಮೂಲೆಯಲ್ಲಿ ಜನವೋ ಜನ. ನಡುವೆ ಅತ್ತೆ, ಕಪ್ಪು ಕನ್ನಡಕದಲ್ಲಿ. ಬುಟ್ಟಿಯ ಮೇಲೆ ಮುಂಬೈ ಲೈಟು ಕೆಂಪು ಉರಿಸಿಕೊಂಡು ಕತ್ತು ಬಗ್ಗಿಸಿ ನಿಂತಿದೆ. ಬಂಗುಡೆಯ ಕಿವಿರುಗಳೆಲ್ಲ ದಾಸವಾಳದ ಹಾಗೆ ಕೆಂಪು.

ಕೈಚೀಲ ಹಿಡಿದು ಬಗ್ಗಿ ನೋಡುತ್ತಿದ್ದವರು ನಮ್ಮ ಡಾಕ್ಟರೇ. “ಒಳ್ಳೆ ತಾಜಾ ಇದೆಯಲ್ಲ” ಎಂದರು.

“ಡಾಕ್ಟ್ರೆ, ಈ ಲೈಟಿಂದ ಪ್ರಯೋಜನ ಇಲ್ಲೆ ಅಂದಿದ್ರಿ ಅಲ್ದಾ?” ಎಂದರು ಅತ್ತೆ.

ಡಾಕ್ಟರು ಲೈಟು ನೋಡಿದರು, ಮೀನು ನೋಡಿದರು, ಅತ್ತೆಯನ್ನು ನೋಡಿದರು. ಸಂಶಯ ಬಂದು ಒಂದು ಬಂಗುಡೆ ಹಿಡಿದು ಬಾಗಿಲ ಬಿಸಿಲಿಗೇ ಹೋಗಿ ಕಿವಿರು ಎತ್ತಿದರು. ಅಲ್ಲೂ ಕೆಂಪು. ತಿರುಗಿ ಬಂದು ಚೀಲ ತುಂಬಿಸಿಕೊಂಡರು.

ಬಾಗಿಲ ಜಾಗದವಳು ಇದನ್ನೆಲ್ಲ ನೋಡುತ್ತಲೇ ಇದ್ದಳು. ಅವಳ ಬುಟ್ಟಿಯ ಕಡೆ ಒಂದು ನರಪಿಳ್ಳೆಯೂ ಇರಲಿಲ್ಲ. ಎದ್ದು ಬಂದು ಮೆಲ್ಲಗೆ ಹೇಳಿದಳು. “ಅಕ್ಕಾ, ನಿಮ್ ಜಾಗ ನೀವೇ ತಕಣಿ. ನಾನ್ ಇಲ್ಲೇ ಕೂಕಂತೆ.”

ನಾನು ಬುಟ್ಟಿ ಎತ್ತಲು ಬಗ್ಗಿಯೇಬಿಟ್ಟಿದ್ದೆ. ಇಷ್ಟು ದಿನ ಅತ್ತೆ ಅತ್ತದ್ದು ಆ ಜಾಗಕ್ಕಾಗಿಯೇ ತಾನೆ. ಅತ್ತೆ ನನ್ನ ಕೈಗೆ ಒಂದು ಏಟು ಕೊಟ್ಟರು. ಕನ್ನಡಕ ಸರಿಮಾಡಿಕೊಂಡು ಅವಳಿಗೆ ಹೇಳಿದರು.

“ಬ್ಯಾಡ ಹೆಣೆ. ಅಲ್ ಬೆಳ್ಕ್ ಜಾಸ್ತಿ.”