ಹಿಂದಿನ ಆಕ್ಸಲಿಗೆ ಬೂತಾಯಿ ಎಣ್ಣೆ

ಕಾರು ಇಟ್ಟುಕೊಳ್ಳುವುದು ಕಷ್ಟವಲ್ಲ. ಕಾರು ಇದೆಯೆಂದು ನಾಲ್ಕು ಜನರ ಎದುರು ಹೇಳಿಕೊಂಡ ಮೇಲೆ ಅದು ಓಡಬೇಕಲ್ಲ, ಅದು ಕಷ್ಟ. ನಾನು ಹೇಳಿಕೊಂಡದ್ದು ನಾಲ್ಕು ಜನರಿಗೆ ಮಾತ್ರವಲ್ಲ. ಬಲ್ಮಠದ ಒಂದು ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದವನು ನಾನು. ಯಾವ ರಾಜನ ದಂಡಯಾತ್ರೆ ಶುರುಮಾಡಿದರೂ ಪಾಠ ಹತ್ತು ನಿಮಿಷದಲ್ಲಿ ಹೇಗೋ ನನ್ನ ಕಾರಿನ ಬಳಿಗೆ ಬಂದು ನಿಲ್ಲುತ್ತಿತ್ತು. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ಮಾರಿಹೋದ ಕಾರು ಅದು. ಮೊದಲ ವರ್ಷ ಮಣ್ಣಗುಡ್ಡದ ನಮ್ಮ ಮನೆಯಿಂದ ಶಾಲೆಗೆ ಚೆನ್ನಾಗಿಯೇ ಓಡಿತು. ಆಮೇಲೆ ಯುದ್ಧ ಬಂತು, ಪೆಟ್ರೋಲಿಗೆ ಕೂಪನ್ ಬಂತು, ಕಾರು ಹಿತ್ತಲಿನ ತೆಂಗಿನ ಮಡಲಿನ ಮಾಡಿನಡಿ ಸೇರಿತು. ಎರಡು ಮಳೆಗಾಲ ಅಲ್ಲೇ ಕಳೆಯಿತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತು. ಆದರೂ ಶಾಲೆಯಲ್ಲಿ ನಾನು, "ನನ್ನ ಕಾರು ಏರು ಹತ್ತುವ ಚಂದ ನೋಡಬೇಕು" ಎಂದೇ ಹೇಳುತ್ತಿದ್ದೆ.

ಅಷ್ಟರಲ್ಲಿ ಅಕ್ಕನ ಮಗಳು ಸುಮತಿಗೆ ಮದುವೆ ಗೊತ್ತಾಯಿತು. ನಮ್ಮ ಅಳಿಯಸಂತಾನದ ಮನೆಗಳಲ್ಲಿ ಹುಡುಗಿಯ ಅಪ್ಪ ಬೇಕಾದರೆ ಮೂಲೆಯಲ್ಲಿ ಕೂತು ವೀಳ್ಯ ಮೆಲ್ಲಬಹುದು. ಹೊಣೆಯೆಲ್ಲ ಸೋದರಮಾವನದು, ಗತ್ತೂ ಅವನದೇ. ಮದುವೆ ಬಲ್ಮಠದಲ್ಲಿ, ಗಂಡಿನವರ ಚಪ್ಪರದಲ್ಲಿ. ಗಂಡಿನ ಮಾವ ಹೋಟೆಲು ಇಟ್ಟುಕೊಂಡವರು, ಹೊಸ ಕಾರಿನ ಯಜಮಾನರು. ಹುಡುಗಿಯನ್ನು ಕರೆತರಲು ತಮ್ಮ ಕಾರು ಕಳಿಸುತ್ತೇವೆಂದು ಅವರು ಮರ್ಯಾದೆಯಿಂದಲೇ ಹೇಳಿದರು. ನನಗೆ ಎಲ್ಲಿಂದ ರೋಷ ಬಂತೋ, ಬಾಯಿ ಮುಂದೆ ಓಡಿತು.

"ಅದು ಎಂತಕ್ಕೆ? ನನ್ನ ಕಾರು ಉಂಟಲ್ಲ. ಮದುಮಗಳು ಮಾವನ ಕಾರಿನಲ್ಲೇ ಬರ್ತಾಳೆ."

ಸುಮತಿಯ ಆಸೆಯೂ ಅದೇ ಎಂದು ನಾನೇ ತೀರ್ಮಾನಿಸಿಕೊಂಡು, ಮದುವೆಗೆ ಎಂಟು ದಿನ ಇರುವಾಗ ಕೋಳಿಯನ್ನು ಇಳಿಸಿ, ಕೂಡಿಟ್ಟ ಕೂಪನಿನ ಪೆಟ್ರೋಲು ಹಾಕಿ ಕಾರು ಹೊರಡಿಸಿದೆ. ಎಂಜಿನ್ ಪುಣ್ಯಕ್ಕೆ ಎದ್ದಿತು. ಆದರೆ ಹಿಂದಿನ ಚಕ್ರಗಳ ನಡುವಿನಿಂದ ಮೊಂಡು ಹೆರೆಮಣೆಯಲ್ಲಿ ಗೆರಟೆಯನ್ನೇ ಹೆರೆದ ಹಾಗೆ ಒಂದು ಸದ್ದು ಬಂದು, ಕಾರು ನಾಲ್ಕಡಿ ಮುಂದೆ ಹೋಗಿ ನಿಂತಿತು. ಪೇಟೆಯ ಮೆಕ್ಯಾನಿಕ್ಕುಗಳೆಲ್ಲ ಯುದ್ಧದ ಪಟಾಲಮ್ಮಿಗೆ ಸೇರಿಯಾಗಿತ್ತು. ಉಳಿದವನು ಕಡಲ ಕರೆಯ ದೂಮಣ್ಣ ಒಬ್ಬನೇ. ಮೊಗವೀರರವನು, ದೋಣಿ ರಿಪೇರಿಯಲ್ಲಿ ಎತ್ತಿದ ಕೈ, ಹಿಂದೊಮ್ಮೆ ಎರಡು ವರ್ಷ ಬಸ್ಸುಗಳ ಶೆಡ್ಡಿನಲ್ಲೂ ಸ್ಪ್ಯಾನರ್ ಹಿಡಿದಿದ್ದ. ಅವನು ಕಾರಿನಡಿ ನುಗ್ಗಿ, ಆಕ್ಸಲಿನ ನಡುವೆ ಹಂಡೆಯಂತೆ ಉಬ್ಬಿದ ಭಾಗದ ಮುಚ್ಚಳ ಬಿಚ್ಚಿದ. ಮೊದಲು ಕೆಂಪು ನೀರು ಸುರಿಯಿತು. ಒಳಗೆ ಹಲ್ಲುಹಲ್ಲಿನ ಗೇರು ಚಕ್ರಗಳೆಲ್ಲ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು.

"ಮಾಷ್ಟ್ರೇ, ಇದು ಗೇರಾ, ಗೋಡೆ ಕಟ್ಟುವ ಕೆಂಪು ಮುರಕಲ್ಲಾ?" ಎಂದು ಕೇಳಿದ.

ಸೀಮೆಎಣ್ಣೆಯಲ್ಲಿ ನೆನೆಸೋಣವೆಂದರೆ ದೀಪಕ್ಕೇ ಅದು ಸಿಗುತ್ತಿರಲಿಲ್ಲ. ದೂಮಣ್ಣ ಹುಣಸೆಹುಳಿ ತನ್ನಿ ಎಂದ. ಅಕ್ಕ ಮದುವೆಮನೆಗೆಂದು ತೆಗೆದಿಟ್ಟ ಹುಳಿಯ ಭರಣಿಯನ್ನು ನಾನು ಹೇಳದೆ ಕೇಳದೆ ಎತ್ತಿಕೊಂಡು ಬಂದೆ. ಅವನು ಗೇರುಗಳನ್ನು ಒಂದೊಂದೇ ಬಿಡಿಸಿ ಹುಳಿನೀರಿಗೆ ಹಾಕುವುದು, ನಾನು ತೆಂಗಿನ ನಾರಿನಲ್ಲಿ ಹಲ್ಲುಹಲ್ಲನ್ನೂ ತಿಕ್ಕುವುದು. ಮೂರು ದಿನ ತಿಕ್ಕಿದೆ. ನನ್ನ ಸ್ವಂತ ಹಲ್ಲನ್ನು ನಾನು ಜನ್ಮದಲ್ಲಿ ಅಷ್ಟು ಶ್ರದ್ಧೆಯಿಂದ ಉಜ್ಜಿದವನಲ್ಲ. ಬೆರಳೆಲ್ಲ ಕೆಂಪಾಗಿ, ಮದುಮಗಳಿಗೂ ಮೊದಲೇ ಮಾವ ಮದರಂಗಿ ಇಟ್ಟುಕೊಂಡಿದ್ದಾರೆಂದು ಶಾಲೆಯಲ್ಲಿ ಸುದ್ದಿಯಾಯಿತು. ಉಳಿದ ಹೊತ್ತೆಲ್ಲ ನಾನು ಕಾರಿನಡಿಯೇ. ಬಂದ ನೆಂಟರಿಗೆ ಕಾಣುವುದು ನನ್ನ ಎರಡು ಪಾದ ಮಾತ್ರ, ಅದಕ್ಕೇ ನಮಸ್ಕಾರ ಮಾಡಿ ಹೋಗುತ್ತಿದ್ದಾರೆ ಎಂದು ಅಕ್ಕ ಗೊಣಗಿದಳು.

ಗೇರುಗಳು ಹೊಳೆದವು. ಆದರೆ ಅವುಗಳಿಗೆ ತುಂಬುವ ದಪ್ಪ ಎಣ್ಣೆ ಮಂಗಳೂರಿನ ಯಾವ ಅಂಗಡಿಯಲ್ಲೂ ಇಲ್ಲ. ಮದುವೆಗೆ ಎರಡೇ ದಿನ. ನಾನು ತಲೆಗೆ ಕೈಯಿಟ್ಟು ಕೂತಿದ್ದಾಗ ದೂಮಣ್ಣ ಮನೆಗೆ ಹೋಗಿ ಒಂದು ಡಬ್ಬಿ ತಂದ. ದೋಣಿಯ ಮರಕ್ಕೆ ಬಳಿಯುವ ಬೂತಾಯಿ ಮೀನಿನ ಎಣ್ಣೆ.

"ಸಮುದ್ರದ ಉಪ್ಪುನೀರನ್ನೇ ತಡೀತದೆ ಮಾರಾಯ್ರೆ. ನಿಮ್ಮ ಗೇರು ಯಾವ ಲೆಕ್ಕ?"

ವಾಸನೆಯ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ ಎಂದರೆ ಘಟ್ಟದ ಮೇಲಿನವರು ನಂಬುವುದಿಲ್ಲ. ಅವನು ಹುಟ್ಟಿದ್ದೇ ಮೀನಿನ ರಾಶಿಯ ಪಕ್ಕದಲ್ಲಿ. ನನಗಂತೂ ದಿನವೂ ಬೂತಾಯಿ ಸಾರಿಲ್ಲದೆ ಅನ್ನ ಇಳಿಯುವುದಿಲ್ಲ. ನಮ್ಮ ಮೂಗಿಗೆ ಅದು ವಾಸನೆಯಲ್ಲ, ಊರಿನ ಗಾಳಿ. ಬೆಳಗಿನ ತಂಪಿನಲ್ಲಿ ಕಾರನ್ನು ಗೇಟಿನವರೆಗೆ ಬಿಟ್ಟು ನೋಡಿದೆವು. ಬೆಣ್ಣೆಯ ಹಾಗೆ ಹೋಯಿತು. ಓಡಿ ಬಿಸಿಯಾದರೆ ಏನಾದೀತೆಂದು ಚರಿತ್ರೆಯ ಮಾಷ್ಟ್ರೂ ಕೇಳಲಿಲ್ಲ, ದೋಣಿಯ ಮೇಸ್ತ್ರಿಯೂ ಹೇಳಲಿಲ್ಲ.

ಮದುವೆಯ ದಿನ ಹಿಂದೆ ಸುಮತಿ, ಪಕ್ಕದಲ್ಲಿ ಅಕ್ಕ, ಸೀಟಿನ ತುಂಬ ಮಲ್ಲಿಗೆ. ಅರ್ಧ ದಾರಿಯವರೆಗೆ ಮಲ್ಲಿಗೆಯೇ ಗೆದ್ದಿತು. ಬಲ್ಮಠದ ಏರು ಶುರುವಾಗಿ ಆಕ್ಸಲು ಬಿಸಿಯಾದದ್ದೇ ತಡ, ಬೂತಾಯಿ ಎದ್ದಿತು. ಮೊದಲು ಒಂದು ಬೆಕ್ಕು ಹಿಂದೆ ಬಂತು. ತಿರುವಿನಲ್ಲಿ ಮೂರಾದವು. ಕಾಗೆಗಳು ಕೂಗಿ ಕೂಗಿ ಬಳಗ ಸೇರಿಸಿದವು, ಮೇಲೆ ಎರಡು ಗಿಡುಗ ಸುತ್ತತೊಡಗಿದವು. ರಸ್ತೆಬದಿಯ ಹೆಂಗಸೊಬ್ಬಳು ಬುಟ್ಟಿ ಹಿಡಿದು ಬಂದು, ಮೀನು ಇವತ್ತಿನದಾ ಎಂದು ವಿಚಾರಿಸಿದಳು. ಹಿಂತಿರುಗಿ ನೋಡಿದರೆ ಸುಮತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಭುಜ ನಡುಗುತ್ತಿತ್ತು. ಮಗು ಅಳುತ್ತಿದ್ದಾಳೆಂದು ನನ್ನ ಎದೆ ಒಡೆಯಿತು. ನನ್ನ ಗತ್ತಿಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿಕೊಂಡೆ.

ಚಪ್ಪರದ ಎದುರು ನಿಲ್ಲಿಸಿದಾಗ ವಾದ್ಯದವರು ಊದುವುದನ್ನು ಬಿಟ್ಟು ಮೂಗು ಅರಳಿಸಿದರು. ಬಾಗಿಲು ತೆಗೆಯಲು ಬಂದ ಗಂಡಿನ ಮಾವ ಬೆಕ್ಕುಗಳ ದಿಬ್ಬಣ ಕಂಡು ಅಲ್ಲೇ ನಿಂತರು. ನಾನು ಸಮಜಾಯಿಷಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಂಡಿನ ಅಜ್ಜಿ ಕೋಲೂರಿಕೊಂಡು ಮುಂದೆ ಬಂದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡರು.

"ಹುಡುಗಿ ಇಳಿಯುವ ಮೊದಲೇ ಬೂತಾಯಿಯ ಪರಿಮಳ ಬಂತು. ಈ ಮನೆಯಲ್ಲಿ ಇನ್ನು ಊಟಕ್ಕೆ ಬರಗಾಲ ಇಲ್ಲ."

ಚಪ್ಪರವೆಲ್ಲ ನಕ್ಕಿತು. ಮದುವೆ ಸಾಂಗವಾಗಿ ನಡೆಯಿತು. ಊಟದಲ್ಲಿ ಮಾತ್ರ ಸ್ವಲ್ಪ ತೊಂದರೆಯಾಯಿತು: ಎಲೆಯಲ್ಲಿ ಪಾಯಸ, ಹೊರಗೆ ನನ್ನ ಕಾರು. ಅರ್ಧ ನೆಂಟರು ಮೀನು ಸಾರಿನ ಆಸೆಯಲ್ಲಿ ಪಾಯಸ ಬಿಟ್ಟೆದ್ದರು.

ಹೊರಡುವಾಗ ಸುಮತಿಯನ್ನು ಪಕ್ಕಕ್ಕೆ ಕರೆದು, ನಿನ್ನ ಆಸೆ ನಡೆಸಲು ಹೋಗಿ ಹೀಗಾಯಿತು ಮಗಾ ಎಂದೆ. ಅವಳು ನನ್ನನ್ನೇ ನೋಡಿದಳು.

"ನನ್ನ ಆಸೆಯಾ ಮಾವ? ನನಗೆ ಅವರ ಹೊಸ ಕಾರಲ್ಲಿ ಬರ್ಬೇಕು ಅಂತ ಎಷ್ಟು ಇತ್ತು ಗೊತ್ತುಂಟಾ? ನಿಮಗೆ ಬೇಸರ ಆಗ್ತದೆ ಅಂತ ಸುಮ್ಮನೆ ಕೂತೆ. ಆದರೆ ಮದುವೆಗೆ ಇಷ್ಟು ನಗಾಡಿಕೊಂಡು ಬಂದವಳು ನಾನೊಬ್ಬಳೇ ಇರ್ಬೇಕು."

ಅಂದರೆ ಹುಡುಗಿ ಅತ್ತದ್ದೂ ಅಲ್ಲ, ಆಸೆಪಟ್ಟದ್ದೂ ಅಲ್ಲ. ಮೂರು ದಿನ ತುಕ್ಕು ತಿಕ್ಕಿದ್ದು ನನ್ನೊಬ್ಬನಿಗಾಗಿ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಕಾರಿನ ಬಾಗಿಲು ತೆರೆಯುವವರೆಗೂ ಆಗುತ್ತಲೇ ಇತ್ತು. ಇದ್ದ ಪೆಟ್ರೋಲಿನಲ್ಲಿ ನೇರವಾಗಿ ಮನೆಗೆ ಹೋಗಬೇಕಿತ್ತು. ನಾನು ಸುತ್ತುದಾರಿ ಹಿಡಿದು, ಉರ್ವದ ಪೇಟೆಯ ನಡುವೆ, ಬೆಕ್ಕುಗಳೂ ಹಿಂದೆ ಬೀಳದಷ್ಟು ನಿಧಾನವಾಗಿ, ಹಾರ್ನು ಹೊಡೆಯುತ್ತ ಬಂದೆ.