ಚಿಮ್ನಿ ಬಿಟ್ಟು ತೆಗೆದ ಮುಗಿಲು

ವಯಸ್ಸಾದ ಮೇಲೆ ಪ್ರತಿಯೊಬ್ಬರಿಗೂ ಒಂದೊಂದು ಹುಚ್ಚು ಹಿಡಿಯುತ್ತದೆ. ನಮ್ಮ ಓಣಿಯ ಒಬ್ಬ ಮುದುಕನಿಗೆ ಮಾತ್ರೆ ನುಂಗುವ ಹುಚ್ಚು. ತನ್ನವು ಸಾಲದೆ ಸೊಸೆಯ ಮಾತ್ರೆಗಳನ್ನೂ ನುಂಗುತ್ತಾನೆ. ಮನೆ ಮಾಲಕಿ ತೆಲುಗಮ್ಮನಿಗೆ ದೇವರ ಹುಚ್ಚು. ಬೆಳಗಾಗುವ ಮೊದಲೇ ಗಂಟೆ ಬಾರಿಸಿ ದೇವರನ್ನೂ ನಮ್ಮನ್ನೂ ಒಟ್ಟಿಗೆ ಎಬ್ಬಿಸುತ್ತಾಳೆ. ನನಗೆ ಹಿಡಿದದ್ದು ಮುಗಿಲಿನ ಫೋಟೋ ತೆಗೆಯುವ ಹುಚ್ಚು. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. ಸಪ್ಪಳವಿಲ್ಲ, ಖರ್ಚಿಲ್ಲ, ಯಾರ ಗೊಡವೆಯೂ ಇಲ್ಲ. ಮುದುಕಿ ಮಾಳಿಗೆಯ ಮೇಲೆ ನಿಂತು ಆಕಾಶ ನೋಡಿದರೆ ಯಾರ ಮನೆ ಮುಳುಗುತ್ತದೆ? ನನ್ನ ತಂಗಿ ನಾಗಮ್ಮ ಬಸ್ಸು ಹತ್ತಿ ಬರುವವರೆಗೆ ನನ್ನ ತಿಳುವಳಿಕೆ ಹೀಗೇ ಇತ್ತು.

ನಾವಿರುವುದು ಪಟಾನ್‌ಚೆರುವಿನಲ್ಲಿ, ಹೈದರಾಬಾದಿನ ಅಂಚಿನಲ್ಲಿ. ನನ್ನ ಮಗ ಮಲ್ಲು ಇಲ್ಲಿಯ ಒಂದು ಔಷಧದ ಫ್ಯಾಕ್ಟರಿಯಲ್ಲಿ ದುಡಿಯುತ್ತಾನೆ. ನಮ್ಮ ಯಜಮಾನರೂ ಅಲ್ಲಿಯೇ ದುಡಿದು, ಒಂದು ದಿನ ದುಡಿಯುವುದನ್ನೂ ಉಸಿರಾಡುವುದನ್ನೂ ಒಟ್ಟಿಗೆ ನಿಲ್ಲಿಸಿದರು. ಮೊಮ್ಮಗಳು ಪೂಜಾ ಹೊಸ ಫೋನು ತಂದಾಗ ಹಳೆಯದನ್ನು ನನ್ನ ಕೈಗೆ ಹಾಕಿದಳು, ಹಳೆ ಸೀರೆಯನ್ನು ಪಾತ್ರೆ ಮಾರುವವಳಿಗೆ ಹಾಕುವ ಹಾಗೆ. ನಾನು ಓದಿದ್ದು ನಾಲ್ಕನೆಯ ತರಗತಿ. ಬೋರ್ಡಿನ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿರುತ್ತದೆ. ಆದರೆ ಫೋಟೋಕ್ಕೆ ಅಕ್ಷರ ಬೇಕಾಗಿಲ್ಲ, ಬೆರಳು ಸಾಕು. ಮೊದಲು ಮನೆಯವರನ್ನೇ ತೆಗೆದೆ. ಸೊಸೆ ಸುವರ್ಣಾ ನೋಡಿ, "ಅತ್ತೀ, ಹೊಟ್ಟಿ ಕಾಣಾಕತ್ತೈತಿ, ಇನ್ನೊಮ್ಮೆ ತೆಗೀರಿ" ಎಂದಳು. ಇನ್ನೊಮ್ಮೆ ತೆಗೆದರೂ ಹೊಟ್ಟೆ ಇದ್ದಲ್ಲೇ ಇತ್ತು. ಅಂದೇ ಮನುಷ್ಯರನ್ನು ಬಿಟ್ಟು ಮುಗಿಲಿಗೆ ಗಂಟುಬಿದ್ದೆ. ಮುಗಿಲು ಹೊಟ್ಟೆಯ ಬಗ್ಗೆ ಮಾತಾಡುವುದಿಲ್ಲ.

ಮುಗಿಲಷ್ಟೇ ಅಲ್ಲ. ಕಂಪೌಂಡ್ ಗೋಡೆಯ ಬಿರುಕಿನಲ್ಲಿ ಮೊಳೆತ ಅರಳಿಯ ಎರಡೆಲೆ, ಮುಳ್ಳುತಂತಿಯ ಮೇಲೆ ಕೂತ ಏರೋಪ್ಲೇನ್ ಚಿಟ್ಟೆ, ಜೇಡನ ಬಲೆಯಲ್ಲಿ ಸಿಕ್ಕ ಬೆಳಗಿನ ಹನಿ. ಇಲ್ಲಿಯ ಹನಿ ಸ್ವಲ್ಪ ಹಳದಿ. ಫೋಟೋದಲ್ಲಿ ಬಂಗಾರದ ಹಾಗೆ ಬರುತ್ತದೆ. ಕಾಲುವೆ ಕೆರೆಗೆ ಸೇರುವ ಜಾಗದಲ್ಲಿ ಆಳೆತ್ತರದ ಬಿಳಿ ನೊರೆ ಏಳುತ್ತದೆ. ದೂರದಿಂದ ತೆಗೆದರೆ ಅರಳಿದ ಹತ್ತಿ ಹೊಲ. ಹತ್ತಿರ ಹೋಗಿ ತೆಗೆಯಲು ಮೂಗು ಒಪ್ಪುವುದಿಲ್ಲ. ಇನ್ನು ಸಂಜೆಯ ಮುಗಿಲಂತೂ ಕೇಳಬೇಡಿ. ಕೇಸರಿ, ಗುಲಾಬಿ, ಬದನೆಕಾಯಿ ಬಣ್ಣ. ನಮ್ಮ ಊರ ಕಡೆ ಅಷ್ಟು ಬಣ್ಣದ ಸೀರೆಯನ್ನೂ ನಾನು ಕಂಡಿರಲಿಲ್ಲ. ಒಂದೇ ಅಡಚಣೆ, ಆ ಫ್ಯಾಕ್ಟರಿಯ ಚಿಮ್ನಿ. ಮಾಳಿಗೆಯ ಮೇಲೆ ಎಲ್ಲಿ ನಿಂತರೂ ಅದು ನಡುವೆ ಬಂದು ನಿಲ್ಲುತ್ತದೆ, ಮದುವೆ ಫೋಟೋದಲ್ಲಿ ಕರೆಯದೆ ನುಗ್ಗಿದ ಮಾವನ ಹಾಗೆ. ಹುಡುಕಿ ಹುಡುಕಿ ನಾನೊಂದು ಜಾಗ ಕಂಡುಕೊಂಡೆ. ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತರೆ, ಎದುರಿನ ಬೇವಿನ ಮರ ಚಿಮ್ನಿಯನ್ನು ತುದಿಯವರೆಗೂ ನುಂಗಿಬಿಡುತ್ತದೆ. ಹೊಗೆ ಮಾತ್ರ ಮರದ ಹಿಂದಿನಿಂದ ಏಳುತ್ತದೆ. ಫೋಟೋದಲ್ಲಿ ಅದು ಮೋಡ. ಮಾಲಕಿ ಕೆಳಗಿನಿಂದ "ಅವ್ವಾ, ಮಳ್ಳೀ ಫೋಟೋಲಾ?" ಎಂದು ತೆಲುಗಿನಲ್ಲಿ ಗದರುತ್ತಾಳೆ. ಮತ್ತೆ ಫೋಟೋನಾ ಅಂತೆ. ಫೋಟೋನೇ ತೆಗೆಯುತ್ತಿದ್ದೇನೆ, ಇನ್ನೇನು ಅವಳ ಟ್ಯಾಂಕು ಒಯ್ಯುತ್ತೇನೆಯೇ?

ತೆಗೆದದ್ದನ್ನು ದಿನಾ ಬೆಳಿಗ್ಗೆ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಬೇರೆಯವರು ಎಲ್ಲಿಂದಲೋ ಬಂದ ಗುಲಾಬಿ ಹೂವು, ಚಹಾದ ಕಪ್ಪು ಕಳಿಸುತ್ತಾರೆ. ನನ್ನದು ಸ್ವಂತ ಮಾಲು. ಎಲ್ಲರಿಗಿಂತ ಮೊದಲು ಕೈ ಮುಗಿಯುವ ಗುರುತು ಕಳಿಸುವವಳು ನಾಗಮ್ಮ. ಅವಳಿರುವುದು ಶಹಾಬಾದ ಕಡೆಯ ಹಳ್ಳಿಯಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳ ನಡುವೆ. ಮದುವೆಯಾಗಿ ಹೋದಂದಿನಿಂದ ಕಲ್ಲು ಕೊಯ್ಯುವ ಮಿಷನ್ನಿನ ಮುಂದೆ ಕೂತವಳು. ಅವಳ ಗಂಡ ಕೆಮ್ಮಿ ಕೆಮ್ಮಿ ಹೋದ. ಆಮೇಲೆ ಆ ಕೆಮ್ಮು ಇವಳಿಗೆ ಬಂತು. ಅವಳೂ ಆಗೀಗ ಒಂದೊಂದು ಫೋಟೋ ಕಳಿಸುತ್ತಿದ್ದಳು. ಒಮ್ಮೆ ಮೈತುಂಬ ಬಿಳಿ ಹೂ ಬಿಟ್ಟ ಗಿಡವೊಂದನ್ನು ಕಳಿಸಿದಾಗ ನನಗೆ ಹೊಟ್ಟೆಕಿಚ್ಚಾಗಿ, ಅದರ ಬೀಜ ತೆಗೆದಿಡು ಎಂದು ಹೇಳಿದ್ದೆ.

ಒಂದು ದಿನ ನಾಗಮ್ಮ ಫೋನು ಮಾಡಿದಳು. "ಯಕ್ಕಾ, ಡಾಕ್ಟರ್ ಹವಾ ಬದಲಿ ಮಾಡು ಅಂದಾನ. ನಾ ನಿನ್ನ ಕಡಿ ಬರಾಕತ್ತೀನಿ. ದಿನಾ ನಿನ್ನ ಫೋಟೋ ನೋಡ್ತೀನಿ, ನೋಡಿದ್ರನ ಎದಿ ಹಗೂರ ಆಗ್ತೈತಿ. ಅಂಥಾ ಮುಗಿಲ ಕೆಳಗ ನಾಕ ದಿನ ಕುಂತ್ರ ಸಾಕು, ದಮ್ಮು ಅಲ್ಲೇ ಬಿಟ್ಟ ಬರ್ತೀನಿ."

ನಾನು "ಬಾ" ಎಂದೆ. ಬಾಯಿಂದ ಬಂದುಬಿಟ್ಟಿತು. ಮಲ್ಲು ಕೇಳಿಸಿಕೊಂಡು ತಟ್ಟೆ ಸರಿಸಿ ಕೂತ.

"ಅವ್ವಾ, ನಿನಗ ತಲಿ ಐತೇನ? ದಮ್ಮಿನ ಮನಿಷ್ಯಾಳನ್ನ ಇಲ್ಲಿಗೆ ಕರಸ್ತಾರೇನ?"

"ನಾ ಎಲ್ಲಿ ಕರಸೀನಿ? ಆಕಿನ ಬರಾಕತ್ತಾಳ."

"ನಿನ್ನ ಫೋಟೋ ಕರಸ್ಯಾವ. ಈಗಿಂದೀಗ ಫೋನ್ ಮಾಡಿ ಖರೇ ಹೇಳಿಬಿಡು."

ಹೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು. ಆದರೆ ಇಲ್ಲಿಯ ಹವೆ ಕೆಟ್ಟದ್ದು ಎಂದರೆ ಅವಳ ಮುಂದಿನ ಮಾತು "ಮತ್ತ ಅಲ್ಲಿ ಯಾಕ ಅದೀರಿ?" ಎಂಬುದು. ಅದಕ್ಕೆ ನನ್ನ ಹತ್ತಿರ ಉತ್ತರವಿದ್ದರೆ ಬಕೆಟ್ ಮೇಲೆ ಹತ್ತಿ ಮುಗಿಲಿನ ಫೋಟೋ ಯಾಕೆ ತೆಗೆಯುತ್ತಿದ್ದೆ? ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಹೇಳಬೇಕು ಎನ್ನುವಷ್ಟರಲ್ಲಿ ಅವಳು ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಬಸ್ಸಿನಿಂದ ಇಳಿಯುತ್ತಿದ್ದಳು.

ಇಳಿದವಳು ಮೊದಲು ನನ್ನ ಮುಖ ನೋಡಲಿಲ್ಲ, ಮೂಗು ಎತ್ತಿದಳು. "ಯಕ್ಕಾ, ಯಾರದರ ಮನ್ಯಾಗ ಏನರ ಹೊತ್ತೈತೇನ?"

"ಹೂಂ, ಯಾರೋ ಹಾಲು ಒಲಿ ಮ್ಯಾಲ ಇಟ್ಟು ಮರ್ತಾರ" ಎಂದೆ. ಮರುದಿನವೂ ಹಾಲೇ ಹೊತ್ತಿತ್ತು. ಮೂರನೆಯ ದಿನ ಅವಳು ಚಹಾ ಕುಡಿಯುತ್ತ, "ಈ ಊರಾಗ ಹೆಣ್ಮಕ್ಕಳು ಅದಾರೋ ಇಲ್ಲೋ? ದಿನಾ ಯಾರ್ಯಾರೋ ಹಾಲು ಮರೀತಾರ" ಎಂದಳು. ಸುವರ್ಣಾ ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನಾಗಮ್ಮನ ಉಸಿರು ಹರಕು ಗೋಣಿಚೀಲ ಎಳೆದ ಹಾಗೆ ಕೇಳಿಸುತ್ತಿತ್ತು. ಬಂದ ದಿನಕ್ಕಿಂತ ಹೆಚ್ಚೇ ಆಗಿತ್ತು.

ಅಂದು ಸಂಜೆ ಅವಳು ಹಟ ಹಿಡಿದಳು. "ಫೋಟೋದಾಗಿನ ಜಾಗಾ ತೋರಸು. ಅದಕ್ಕಂತನ ಬಂದೀನಿ." ಮೆಟ್ಟಿಲ ಮೇಲೆ ಮೂರು ಕಡೆ ಕೂತು, ಕಂಬಿ ಹಿಡಿದು, ಅಂತೂ ಮಾಳಿಗೆಗೆ ಬಂದಳು. ನಾನು ನನ್ನ ಜಾಗದಲ್ಲಿ ಬಕೆಟ್ ಇಟ್ಟು ಹತ್ತು ಎಂದೆ. ಅವಳು ನನಗಿಂತ ಕುಳ್ಳಿ. ಹತ್ತಲು ಉಸಿರು ಸಾಲದೆ ಪಕ್ಕಕ್ಕೆ ಸರಿದು ನಿಂತಳು. ಬೇವಿನ ಮರವೂ ಸರಿಯಿತು. ಚಿಮ್ನಿ ಪೂರ್ತಿ ಈಚೆ ಬಂತು.

ನಾಗಮ್ಮ ಅದನ್ನು ಬುಡದಿಂದ ತುದಿಯವರೆಗೆ ನೋಡಿದಳು. ಹೊಗೆ ಹೋಗುವ ದಿಕ್ಕು ನೋಡಿದಳು. ಅದು ನಮ್ಮ ಕಡೆಗೇ ಬರುತ್ತಿತ್ತು.

"ಯಕ್ಕಾ, ಹಾಲು ಮರ್ತಾಕಿ ಈಕೀನೇನ?"

ಆಮೇಲೆ ನಗಲು ಶುರುಮಾಡಿದಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲದೆ ಕೂತುಬಿಟ್ಟಳು. ಬೆನ್ನು ತಿಕ್ಕಿ ನೀರು ಕುಡಿಸಿದೆ. ಬಯ್ಯುತ್ತಾಳೆ ಎಂದುಕೊಂಡೆ, ಬಯ್ದಿದ್ದರೆ ಪಾಡಿತ್ತು. ಕಣ್ಣು ಒರೆಸಿಕೊಂಡು, "ನಾ ಬಿಳಿ ಹೂವಿನ ಗಿಡ ಕಳಿಸಿದ್ನೆಲ್ಲ, ಅದು ಹಿತ್ತಲ ಹುಣಸಿ ಗಿಡ. ಹುಣಸಿಗೆ ಎಲ್ಲರ ಅಂಥಾ ಬಿಳಿ ಹೂ ಬಿಡ್ತಾವೇನ? ಮಿಷನ್ನಿನ ಕಲ್ಲಿನ ಪುಡಿ ಕುಂತಿತ್ತು. ಬೀಜ ಕೇಳ್ತೀ ನೀ, ಹುಚ್ಚಿ" ಎಂದಳು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯ ಫೋಟೋಗಳನ್ನೇ ಕಳಿಸಿಕೊಂಡಿದ್ದೆವು.

"ನಾಳಿಗೇ ಊರಿಗೆ ಹೋಗಿಬಿಡು" ಎಂದೆ.

"ಅಲ್ಲಿ ಹೋದ್ರ ಕಲ್ಲು, ಇಲ್ಲಿದ್ರ ಹೊಗಿ. ಇಲ್ಲಿ ರೊಟ್ಟಿ ನಿನ್ನ ಸೊಸಿ ಬಡೀತಾಳ, ಅಲ್ಲಿ ನಾನ ಬಡೀಬೇಕು. ಅಂದಹಂಗ ಇದು ಏನ ಮಾಡೋ ಫ್ಯಾಕ್ಟ್ರಿ?"

"ಔಷಧ."

"ಹಂಗಂದ್ರ ಹೊಗಿಯೊಳಗೂ ಒಂದಿಷ್ಟರ ಔಷಧ ಇರ್ತೈತಿ. ಯಾವುದರ ಔಷಧ?"

"ಜ್ವರದ್ದು ಅಂತಾನ ಮಲ್ಲು."

"ತಪ್ಪ ಮಾಡಿದಿ ನೋಡು. ದಮ್ಮಿನ ಔಷಧ ಮಾಡೋ ಫ್ಯಾಕ್ಟ್ರಿ ಮಗ್ಗಲ ಮನಿ ಹಿಡೀಬೇಕಿತ್ತು."

ಅಷ್ಟರಲ್ಲಿ ಮುಗಿಲು ಗುಲಾಬಿಯಾಯಿತು. ನಾಗಮ್ಮ ಸೆರಗು ಸರಿಮಾಡಿಕೊಂಡು, "ನಂದೊಂದು ತೆಗಿ. ಚಿಮ್ನಿ ಬಿಟ್ಟು" ಎಂದಳು. ಮನುಷ್ಯರ ಫೋಟೋ ಬಿಟ್ಟವಳು ಅಂದು ಮತ್ತೆ ತೆಗೆದೆ. ಬಕೆಟ್ ಮೇಲೆ ನಿಂತೆ. ಅವಳು ಕೆಮ್ಮನ್ನು ಗಂಟಲಲ್ಲೇ ಹಿಡಿದುಕೊಂಡು ನಿಂತಳು. ಒಂದು ಚೆನ್ನಾಗಿ ಬಂತು. ಬೇವಿನ ಎಲೆ, ಗುಲಾಬಿ ಮುಗಿಲು, ನಡುವೆ ನಾಗಮ್ಮ. ಹಿಡಿದ ಕೆಮ್ಮು ಆಗ ಹೊರಬಿತ್ತು. ನಾನು ಗಡಬಡಿಸಿ ಕೆಳಗಿಳಿಯುವಾಗ ಬೆರಳು ಒತ್ತಿ ಇನ್ನೊಂದು ಬಂತು. ಅದರಲ್ಲಿ ಅವಳು ಬಗ್ಗಿದ್ದಾಳೆ, ಚಿಮ್ನಿ ಅವಳ ಬೆನ್ನಿನಿಂದಲೇ ಎದ್ದ ಹಾಗಿದೆ.

ಮರುವಾರ ದೊಡ್ಡ ದವಾಖಾನೆಗೆ ಒಯ್ದೆವು. ಅಲ್ಲಿ ಅವಳ ಎದೆಯ ಫೋಟೋ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದ. ಕಪ್ಪು ಮುಗಿಲಿನ ತುಂಬ ಬಿಳಿ ಬಿಳಿ ಮೋಡ. ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಅವನು ತಲೆ ಅಲ್ಲಾಡಿಸಿದ. ಇದು ಇವತ್ತಿನದಲ್ಲ, ಬಹಳ ವರ್ಷ ಕೂತ ಕಲ್ಲಿನ ಪುಡಿ ಎಂದು ಹಿಂದಿಯಲ್ಲಿ ಹೇಳಿದ. ಹಾಗಾದರೆ ಇಲ್ಲಿಯ ಹೊಗೆಯದೇನೂ ಇಲ್ಲವೇ ಎಂದು ಕೇಳಿದೆ. ಹೊಗೆಯಿಂದ ಒಳ್ಳೆಯದಂತೂ ಆಗಿಲ್ಲಮ್ಮ ಎಂದ. ಈ ಮಾತನ್ನು ನಾನು ಎರಡೂ ಕಡೆಗೆ ತಿರುಗಿಸಿ ನೋಡಿದ್ದೇನೆ. ಯಾವ ಕಡೆಗೆ ತಿರುಗಿಸಿದರೂ ಮಲಗುವಾಗ ಅದು ಬೆನ್ನಿಗೆ ಒತ್ತುತ್ತದೆ.

ಮಲ್ಲು ಅವಳನ್ನು ಊರಿಗೆ ಬಿಟ್ಟು ಬಂದ. ಚಳಿಗಾಲ ಮುಗಿಯುವ ಮೊದಲೇ ನಾಗಮ್ಮ ಮುಗಿದಳು. ನಾನು ಹೋದಾಗ ಪಡಸಾಲೆಯಲ್ಲಿ ಅವಳ ಫೋಟೋಕ್ಕೆ ಕಟ್ಟು ಹಾಕಿಸಿ, ಹಾರ ಹಾಕಿ, ಊದಿನಕಡ್ಡಿ ಹಚ್ಚಿದ್ದರು. ನಾನು ತೆಗೆದು ಗುಂಪಿಗೆ ಹಾಕಿದ್ದೇ. ಬೇವಿನ ಎಲೆ, ಗುಲಾಬಿ ಮುಗಿಲು. ಮಾತಾಡಿಸಲು ಬಂದ ಹೆಂಗಸರೆಲ್ಲ ಮೊದಲು ಕೈ ಮುಗಿದು, ಆಮೇಲೆ ಹತ್ತಿರ ಹೋಗಿ, "ಯಾವ ಕ್ಷೇತ್ರಕ್ಕ ಹೋಗಿದ್ಲು ಪುಣ್ಯಾತಗಿತ್ತಿ?" ಎಂದು ಕೇಳುತ್ತಿದ್ದರು. ಅವಳ ಮಗ, "ಕ್ಷೇತ್ರ ಅಲ್ರಿ, ಹೈದ್ರಾಬಾದಿನ್ಯಾಗ ನಮ್ಮ ದೊಡ್ಡವ್ವನ ಮನಿ" ಎನ್ನುತ್ತಿದ್ದ. ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

ನೆರೆಮನೆಯ ಬಸಮ್ಮ ಎಲ್ಲರೂ ಎದ್ದ ಮೇಲೂ ಏಳಲಿಲ್ಲ. ನಾಗಮ್ಮನ ಜೊತೆ ಅದೇ ಮಿಷನ್ನಿನ ಮುಂದೆ ಕೂತವಳು, ಅದೇ ಕೆಮ್ಮು. ಫೋಟೋ ನೋಡುತ್ತ, "ಅಕ್ಕಾರ, ಹೋಗೂಕಿಂತ ಮೊದಲ ಆಕಿ ಒಂದೀಟು ಸುಖದ ಗಾಳಿ ಕುಡದಾಳ. ನಾನೂ ನಾಕ ದಿನ ಬರಲೇನ್ರಿ ನಿಮ್ಮ ಕಡಿ?" ಎಂದಳು.

ಈ ಸಲ ನನ್ನ ಬಾಯಿಂದ "ಬಾ" ಬರಲಿಲ್ಲ. ಸೆರಗಿನಿಂದ ಫೋನು ತೆಗೆದು ಆ ಎರಡನೆಯ ಫೋಟೋ ಹುಡುಕಿ ಅವಳ ಮುಖದ ಮುಂದೆ ಹಿಡಿದೆ. ಬಗ್ಗಿ ಕೆಮ್ಮುತ್ತಿರುವ ನಾಗಮ್ಮ, ಬೆನ್ನ ಮೇಲೆ ಚಿಮ್ನಿ, ಕರಿ ಹೊಗೆ. "ಖರೇ ಇದು ನೋಡವ್ವ. ಆ ಕಟ್ಟಿನಾಗಿಂದು ಅರ್ಧಾ ಅಷ್ಟ" ಎಂದೆ.

ಬಸಮ್ಮ ಫೋನನ್ನು ಕೈಗೆ ತೆಗೆದುಕೊಂಡಳು. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ನಾಗಮ್ಮ ಅಂಚಿಗೆ ಸರಿದು ಹೊರಗೆ ಹೋದಳು. ಪರದೆಯ ತುಂಬ ಚಿಮ್ನಿಯೊಂದೇ ಉಳಿಯಿತು. ಬಸಮ್ಮನ ಮುಖ ಅರಳಿತು.

"ಎಷ್ಟ ದೊಡ್ಡ ಚಿಮ್ನಿ ಐತ್ರೀ! ಹೊಗಿನೂ ಭಾಳ ಬರಾಕತ್ತೈತಿ. ಅಂದ್ರ ಕೆಲಸ ಐತಿ ಅಂದಂಗಾತು. ನಾ ಬಿಡ್ರಿ, ಮುದುಕಿ. ನನ್ನ ಮಗನ್ನ ಕರಕೊಂಡ ಹೋಗ್ರಿ ಅಕ್ಕಾರ, ಇಲ್ಲಿ ಕಲ್ಲಿನ್ಯಾಗ ಸಾಯಾಕತ್ತಾನ."

ಹೆದರಲಿ ಎಂದು ತೋರಿಸಿದ ಫೋಟೋವನ್ನು ಹಿಂದಕ್ಕೆ ಇಸಿದುಕೊಂಡೆ. ಅವಳನ್ನು ಬಯ್ಯಬೇಕೆಂದರೆ ಮೊದಲು ನನ್ನನ್ನೇ ಬಯ್ದುಕೊಳ್ಳಬೇಕಿತ್ತು. ಮಲ್ಲುವನ್ನು ಬಗಲಲ್ಲಿ ಎತ್ತಿಕೊಂಡು ನಾನು ಮೊದಲ ಸಲ ಪಟಾನ್‌ಚೆರುವಿಗೆ ಬಂದ ದಿನ, ಬಸ್ಸಿನ ಕಿಟಕಿಯಿಂದ ನಮ್ಮ ಯಜಮಾನರು ತೋರಿಸಿದ್ದರು: "ಅಲ್ಲಿ ನೋಡು, ಹೊಗಿ ಬರಾಕತ್ತೈತಿ. ಇನ್ನ ಚಿಂತಿಲ್ಲ." ನಾನು ನೋಡಿದೆ. ಸೀಟಿನ ಮೇಲೇ ಎದ್ದು ನಿಂತು, ದೇವರ ಗೋಪುರಕ್ಕೆ ಮುಗಿಯುವ ಹಾಗೆ ಅದಕ್ಕೆ ಕೈ ಮುಗಿದೆ. ಆಗ ನನ್ನ ಹತ್ತಿರ ಫೋನಿರಲಿಲ್ಲ. ಇದ್ದಿದ್ದರೆ ನಾನು ತೆಗೆದ ಮೊದಲ ಫೋಟೋ ಆ ಚಿಮ್ನಿಯದೇ ಆಗಿರುತ್ತಿತ್ತು, ಬೇವಿನ ಮರ ಬಿಟ್ಟು.